ಕಡ್ಡಿಗೆ ಪೋಣಿಸಿದ ಇಟಲಿಯ ತಿಂಡಿ

ಮಾಟುಂಗದ ನಮ್ಮ ಕೂಟಗಳಲ್ಲಿ ಉಪಾಹಾರವೆಂದರೆ ಇಡ್ಲಿ, ಬೋಂಡಾ, ಕಾಫಿ. ಎಣ್ಣೆಯಲ್ಲಿ ಕರಿಯದೆ ಸಿದ್ಧವಾಗುವ ಬೇರೊಂದು ತಿಂಡಿಯನ್ನು ಇಲ್ಲಿ ತಿಳಿಸುತ್ತೇವೆ.

ಇಟಲಿಯ ಕಾಪ್ರಿ ದ್ವೀಪದ ಹೆಸರು ಹೊತ್ತ ‘ಕಾಪ್ರೇಸೆ’ಯಲ್ಲಿ ಮೊಟ್ಸರೆಲ್ಲಾ ಚೀಸು, ಟೊಮೇಟೊ, ಬೇಸಿಲ್ ಎಲೆ ಇರುತ್ತವೆ. ಆ ದೇಶದ ಬಾವುಟದ ಬಣ್ಣಗಳೂ ಇವೇ: ಬಿಳಿ, ಕೆಂಪು, ಹಸುರು. ಬೇಸಿಲ್ ನಮಗೆ ಹೊಸತಲ್ಲ, ನಮ್ಮ ಕಾಮಕಸ್ತೂರಿಯೇ. ಮುಂಬಯಿಯ ಫಲೂದಾದಲ್ಲಿ ಹಾಕುವ ಕಪ್ಪು ಬೀಜವೂ ಅದರದೇ.

ಚೀಸಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಪದ್ಧತಿಯಲ್ಲಿ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿಗಳಿಗೆ ತಿಳಿಸದೆ ಅದನ್ನು ಬಡಿಸುವುದು ಸಲ್ಲದು. ಪೊಟ್ಟಣದ ಮೇಲಿನ ಹಸುರು ಗುರುತು ನೋಡಿ ಕೊಳ್ಳಿರಿ; ಇಲ್ಲವೆ ಮನೆಯಲ್ಲಿಯೇ ಪನೀರ್ ಮಾಡಿಕೊಳ್ಳಿರಿ.

20 ಮಂದಿಗೆ 40 ಕಡ್ಡಿಗಳು ಸಾಕು. 2 ಲೀಟರ್ ಎಮ್ಮೆಯ ಹಾಲನ್ನು ಕುದಿಸಿ, 2-3 ನಿಂಬೆಹಣ್ಣಿನ ರಸ ಹಿಂಡಿ ಒಡೆಯಿಸಿರಿ. ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಒಂದು ಗಂಟೆ ಭಾರವಿಡಿರಿ. ಗಟ್ಟಿಯಾದ ಪನೀರನ್ನು 40 ತುಂಡು ಮಾಡಿರಿ. 10 ಟೊಮೇಟೊಗಳನ್ನು ನಾಲ್ಕು ನಾಲ್ಕು ಹೋಳು ಮಾಡಿ ಬೀಜ ತೆಗೆಯಿರಿ. ಬಿದಿರಿನ ಸಣ್ಣ ಕಡ್ಡಿಗೆ ಟೊಮೇಟೊ, ಮಡಿಸಿದ ಎಲೆ, ಪನೀರ್ ಕ್ರಮವಾಗಿ ಪೋಣಿಸಿರಿ. ಮೇಲೆ ಸ್ವಲ್ಪ ಆಲಿವ್ ಎಣ್ಣೆ, ಮೆಣಸಿನ ಪುಡಿ ಉದುರಿಸಿರಿ.

ಉಪ್ಪನ್ನು ಬಡಿಸುವಾಗಲೇ ಹಾಕಬೇಕು; ಮೊದಲೇ ಹಾಕಿದರೆ ಟೊಮೇಟೊ ನೀರು ಬಿಡುತ್ತದೆ. ಅಲ್ಲಿಯವರೆಗೆ ತಟ್ಟೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿರಿ. ಮುಂಬಯಿಯ ಸೆಕೆಯಲ್ಲಿ ಪನೀರ್ ಬೇಗ ಕೆಡುತ್ತದೆ. ಎಳೆಯ ಮಕ್ಕಳಿಗೆ ಕಡ್ಡಿ ತೆಗೆದೇ ಕೊಡಿರಿ.

ಹೀಗೆ ಮಾಡಿದ ತಟ್ಟೆಯಿಂದ ಸಸ್ಯಾಹಾರಿಗಳೂ ಸಂಕೋಚವಿಲ್ಲದೆ ತೆಗೆದುಕೊಳ್ಳಬಹುದು.