ಬೇಸಿಗೆಯಲ್ಲಿ ಹಸುವಿನ ಉಸಿರು ಎಣಿಸಿ ನೋಡಿ



ಶಿವರಾತ್ರಿ ಕಳೆದು ಬಿಸಿಲು ಏರಿದಂತೆ ಸಂಘದ ಮುಂದೆ ಒಂದೇ ಮಾತು ಕೇಳಿಬರುತ್ತದೆ: "ಮೇವು ಮೊದಲಿನಷ್ಟೇ ಹಾಕ್ತಿದ್ದೀನಿ, ಹಾಲು ಮಾತ್ರ ಇಳಿದಿದೆ, ಫ್ಯಾಟೂ ಬರ್ತಿಲ್ಲ." ಆಗ ಹಲವರು ಮೊದಲು ಮಾಡುವ ಕೆಲಸ ಹಿಂಡಿ ಹೆಚ್ಚಿಸುವುದು. ದುಡ್ಡು ಖರ್ಚಾಗುತ್ತದೆ, ಹಾಲು ಏರುವುದಿಲ್ಲ. ಕೆಲವೊಮ್ಮೆ ಹಸು ಇನ್ನಷ್ಟು ಸೊರಗುತ್ತದೆ. ಸೆಕೆಯನ್ನು ತಾಳಲು ಹಸುವಿನ ದೇಹ ಏನೇನು ಮಾಡುತ್ತದೆ ಎಂದು ತಿಳಿದರೆ ಇದಕ್ಕೆ ಕಾರಣ ಅರ್ಥವಾಗುತ್ತದೆ.

ಹಸುವಿನ ಹೊಟ್ಟೆಯೊಳಗೇ ಬಿಸಿ

ತಿಪ್ಪೆಯನ್ನು ಕೆದಕಿದರೆ ಒಳಗೆ ಬಿಸಿ ಇರುವುದನ್ನು ನೀವು ನೋಡಿದ್ದೀರಿ. ಹಸುವಿನ ದೊಡ್ಡ ಹೊಟ್ಟೆಯಲ್ಲಿಯೂ ಹಾಗೆಯೇ. ಮೇವು ಅಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ. ಹಾಲು ತಯಾರಾಗುವಾಗಲೂ ಶಾಖ ಹುಟ್ಟುತ್ತದೆ. ಆದ್ದರಿಂದ ಹೆಚ್ಚು ಹಾಲು ಕೊಡುವ ಹಸುವಿಗೇ ಸೆಕೆಯ ಕಷ್ಟ ಹೆಚ್ಚು.

ಹಸುವಿನ ಮೈಬಿಸಿ ಸಾಮಾನ್ಯವಾಗಿ 38.5 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಒಳಗೆ ಹುಟ್ಟಿದ ಶಾಖ ಹೊರಗೆ ಹೋದರೆ ಮಾತ್ರ ಅದು ಅಷ್ಟರಲ್ಲೇ ನಿಲ್ಲುತ್ತದೆ. ಎಚ್.ಎಫ್. ತಳಿಯ ಮೂಲ ಯುರೋಪಿನ ತಂಪು ನಾಡು. ನಮಗೆ ಹಿತವೆನಿಸುವ 25 ಡಿಗ್ರಿ ದಾಟಿದರೆ ಹೆಚ್ಚು ಹಾಲು ಕೊಡುವ ಈ ಹಸುವಿಗೆ ಸೆಕೆ ಶುರುವಾಗುತ್ತದೆ. ನಮ್ಮ ಹಳ್ಳಿಕಾರ್, ಮಲೆನಾಡು ಗಿಡ್ಡ ತಳಿಗಳಿಗೆ ಗಿಡ್ಡ ಕೂದಲು, ಸಡಿಲ ಚರ್ಮ, ಚೆನ್ನಾಗಿ ಬೆವರುವ ಗುಣ ಇದೆ. ಹಾಲು ಕಡಿಮೆಯಾದ್ದರಿಂದ ಒಳಗಿನ ಶಾಖವೂ ಕಡಿಮೆ. ಎಮ್ಮೆಯದು ಕಪ್ಪು ಚರ್ಮ, ಬೆವರು ಗ್ರಂಥಿ ಕಡಿಮೆ. ಅದಕ್ಕೇ ಅದು ಕೆರೆ ಕಂಡರೆ ಬಿಟ್ಟು ಬರುವುದಿಲ್ಲ.

ತಾಳಿಕೊಳ್ಳಲು ಹಸು ಪಡುವ ಪಾಡು

ಸೆಕೆಯಾದಾಗ ಹಸು ಬೆವರುತ್ತದೆ, ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ. ಮೈಗೆ ಗಾಳಿ ತಾಗಲಿ ಎಂದು ಮಲಗದೆ ನಿಂತೇ ಇರುತ್ತದೆ. ಒಳಗಿನ ಶಾಖ ಕಡಿಮೆ ಮಾಡಲು ಮೇವು ಬಿಡುತ್ತದೆ. ಇದು ಹಸುವಿನ ಹಟವಲ್ಲ, ಬದುಕಿಕೊಳ್ಳುವ ದಾರಿ.

ಆದರೆ ಇದರ ಬೆಲೆ ಹಾಲಿನಲ್ಲಿ ತೆರಬೇಕು. ಹಸುವಿನ ಜೊಲ್ಲಿನಲ್ಲಿ ಸೋಡಾದಂತಹ ಅಂಶ ಇದೆ. ಅದು ಹೊಟ್ಟೆಯ ಹುಳಿಯನ್ನು ಕಳೆಯುತ್ತದೆ. ಮೆಲುಕು ಕಡಿಮೆಯಾಗಿ, ಇರುವ ಜೊಲ್ಲೂ ನೆಲಕ್ಕೆ ಸುರಿದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಹಾಲಿನ ಕೊಬ್ಬಿಗೆ ಬೇಕಾದ ಅಂಶ ಹೆಚ್ಚಾಗಿ ನಾರಿನ ಮೇವಿನಿಂದ ಬರುವುದು. ಹಸು ಹುಲ್ಲು ಬಿಟ್ಟರೆ ಫ್ಯಾಟ್ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಹಿಂಡಿ ಸುರಿದರೆ ಹುಳಿ ಇನ್ನೂ ಹೆಚ್ಚುತ್ತದೆ. ಹಾಲು ಇಳಿಯುವುದಕ್ಕೆ ಮೇವು ಕಡಿಮೆ ತಿನ್ನುವುದೊಂದೇ ಕಾರಣವಲ್ಲ, ಮೈ ಬಿಸಿಯೇ ಹಾಲನ್ನು ಇಳಿಸುತ್ತದೆ. ಆದ್ದರಿಂದ ಮೊದಲು ಮೈ ತಂಪಾಗಬೇಕು, ಆಮೇಲೆ ಹಿಂಡಿಯ ಮಾತು.

ಉಸಿರು ಎಣಿಸುವುದು ಹೇಗೆ?

ಮಧ್ಯಾಹ್ನ 2ರಿಂದ 3 ಗಂಟೆಯೊಳಗೆ ಹಸುವಿನಿಂದ ಸ್ವಲ್ಪ ದೂರ ನಿಂತು ಪಕ್ಕೆಯನ್ನು ನೋಡಿ. ಪಕ್ಕೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲ್ ನೋಡಿಕೊಂಡು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ.

• 40ರ ಒಳಗೆ: ಹಸು ಆರಾಮವಾಗಿದೆ.
• 60 ದಾಟಿದರೆ: ಸೆಕೆಯ ಬಾಧೆ ಶುರುವಾಗಿದೆ. ಹಾಲು ಇಳಿಯುವ ಮೊದಲೇ ಎಚ್ಚೆತ್ತುಕೊಳ್ಳಿ.
• 80 ದಾಟಿದರೆ: ಕೂಡಲೇ ಮೈಗೆ ನೀರು, ಗಾಳಿ ಬೇಕು.
• 100 ದಾಟಿ, ಬಾಯಿ ತೆರೆದು ನಾಲಿಗೆ ಹೊರಚಾಚಿದರೆ: ಅಪಾಯ. ನೆರಳಿಗೆ ತಂದು ಮೈತುಂಬ ನೀರು ಸುರಿಯುತ್ತಲೇ ಪಶುವೈದ್ಯರಿಗೆ ಫೋನ್ ಮಾಡಿ. ತಾನಾಗಿ ಕುಡಿದರೆ ಕುಡಿಯಲಿ, ಬಾಯಿಗೆ ಗೊಟ್ಟದಿಂದ ನೀರು ಹಾಕಬೇಡಿ. ಏದುಸಿರಿನಲ್ಲಿ ನೀರು ಶ್ವಾಸಕೋಶಕ್ಕೆ ಹೋಗಬಹುದು.

ನೀವು ಮಾಡಬಹುದಾದದ್ದು

ನೀರು: ಹಾಲಿನ 100 ಪಾಲಿನಲ್ಲಿ ಸುಮಾರು 87 ಪಾಲು ನೀರೇ. ಬೇಸಿಗೆಯಲ್ಲಿ ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 80ರಿಂದ 100 ಲೀಟರ್ ಬೇಕಾಗಬಹುದು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಕಲಗಚ್ಚು ಕೊಟ್ಟರೆ ಸಾಲದು. ಹಗಲು ರಾತ್ರಿ ಬಾಯಿಗೆ ಸಿಗುವಂತೆ ನೆರಳಿನಲ್ಲಿ ನೀರಿನ ತೊಟ್ಟಿ ಇರಲಿ. ಇಷ್ಟು ನೀರು ಹೊರುವ ಕೆಲಸ ನಿಮ್ಮೊಬ್ಬರ ಸೊಂಟದ ಮೇಲೇ ಬೀಳಬಾರದು. ಹಾಲಿನ ದುಡ್ಡು ಮನೆಗೆಲ್ಲ ಬರುವಾಗ ನೀರಿನ ಕೆಲಸವನ್ನೂ ಮನೆಯವರೆಲ್ಲ ಹಂಚಿಕೊಳ್ಳಲಿ. ಆದರೆ ಒಂದು ಪೈಪ್ ಎಳೆಸಿ.

ನೆರಳು: ಶೀಟಿನ ಕೊಟ್ಟಿಗೆ ಮಧ್ಯಾಹ್ನ ಕಾದ ಹೆಂಚಿನಂತಾಗುತ್ತದೆ. ಮೇಲೆ ತೆಂಗಿನ ಗರಿ ಅಥವಾ ಸೋಗೆ ಹೊದಿಸಿ. ಕೊಟ್ಟಿಗೆಗಿಂತ ಬೇವು, ಹೊಂಗೆ ಮರದ ನೆರಳು ತಂಪಾಗಿದ್ದರೆ ಹಗಲು ಅಲ್ಲೇ ಕಟ್ಟಿ.

ಮೈಗೆ ನೀರು, ಜೊತೆಗೆ ಗಾಳಿ: ಒದ್ದೆ ಮೈ ಆರುವಾಗ ಶಾಖ ಹೋಗುತ್ತದೆ. ಆದ್ದರಿಂದ ಚರ್ಮ ನೆನೆಯುವಂತೆ ನೀರು ಹಾಕಿ, ಗಾಳಿಗೆ ಆರಲು ಬಿಡಿ, ಮತ್ತೆ ಹಾಕಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಚಿಮುಕಿಸಿದರೆ ಬರೀ ಧಗೆ ಹೆಚ್ಚುತ್ತದೆ. ಸುತ್ತ ಕಟ್ಟಿದ ಗೋಣಿ, ಟಾರ್ಪಾಲು ಬಿಚ್ಚಿ. ಫ್ಯಾನ್ ಇದ್ದರೆ ಹಾಕಿ. ಕರಾವಳಿಯಂತಹ ತೇವದ ಹವೆಯಲ್ಲಿ ಮೈ ಬೇಗ ಆರದ ಕಾರಣ ಗಾಳಿಯೇ ಮುಖ್ಯ.

ಮೇವಿನ ಹೊತ್ತು: ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆಯ ಶಾಖ ಏರುತ್ತದೆ. ಮುಂಜಾನೆ ಬೇಗ ಮತ್ತು ಸಂಜೆ ತಂಪಾದ ಮೇಲೆ ಮೇವು ಹಾಕಿ, ಹೆಚ್ಚಿನ ಪಾಲು ರಾತ್ರಿಗೆ ಇರಲಿ. ಹಸಿ ಮೇವು ಇದ್ದಷ್ಟು ಒಳ್ಳೆಯದು. ಉಪ್ಪು, ಖನಿಜ ಮಿಶ್ರಣ ತಪ್ಪಿಸಬೇಡಿ. ಅಡುಗೆ ಸೋಡಾ ಎಷ್ಟು ಕೊಡಬೇಕೆಂದು ಪಶುವೈದ್ಯರನ್ನು ಕೇಳಿ ಕೊಡಿ.

ರಾತ್ರಿ: ರಾತ್ರಿ ಕೆಲವು ಗಂಟೆ ತಂಪು ಸಿಕ್ಕರೆ ಹಗಲಿನ ಬಿಸಿಯನ್ನು ಹಸು ಕಳೆದುಕೊಳ್ಳುತ್ತದೆ. ಚಿರತೆ, ಕಳ್ಳರ ಭಯವಿಲ್ಲದ ಕಡೆ ಅಂಗಳದಲ್ಲಿ ಕಟ್ಟಿ.

ಈ ಎರಡನ್ನು ಮರೆಯಬೇಡಿ

ಒಂದು, ಹಾಲು ಬತ್ತಿಸಿದ ಗಬ್ಬದ ಹಸು. ಹಾಲು ಕೊಡುತ್ತಿಲ್ಲವೆಂದು ಅದನ್ನು ಬಿಸಿಲಿನಲ್ಲಿ ಕಟ್ಟುವುದುಂಟು. ಕೊನೆಯ ಎರಡು ತಿಂಗಳಲ್ಲಿ ಸೆಕೆಯಿಂದ ಬಳಲಿದ ಹಸುವಿನ ಕರು ಸಣ್ಣದಾಗಿ ಹುಟ್ಟುತ್ತದೆ, ಮುಂದಿನ ಸೂಲಿನ ಹಾಲೂ ಕಡಿಮೆಯಾಗುತ್ತದೆ. ಒಳ್ಳೆಯ ನೆರಳಿನಲ್ಲಿ ಅದಕ್ಕೂ ಜಾಗ ಕೊಡಿ.

ಎರಡು, ಬೆದೆ. ಬೇಸಿಗೆಯಲ್ಲಿ ಬೆದೆಯ ಲಕ್ಷಣ ಮಂದವಾಗಿರುತ್ತದೆ, ಬೇಗ ಮುಗಿಯುತ್ತದೆ. ಎಮ್ಮೆಯಲ್ಲಂತೂ ಕಾಣುವುದೇ ಕಷ್ಟ. ಮುಂಜಾನೆ ಐದಕ್ಕೆ, ರಾತ್ರಿ ಮಲಗುವ ಮುನ್ನ ಲೋಳೆ ಇದೆಯೇ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಒಂದು ಬೆದೆ ತಪ್ಪಿದರೆ ಮೂರು ವಾರ ಹೋದಂತೆ.

ಈ ವಾರದ ಅಭ್ಯಾಸ

ಏಳು ದಿನ ಮಧ್ಯಾಹ್ನ ನಿಮ್ಮ ಹಸುವಿನ ಉಸಿರು ಎಣಿಸಿ, ಕ್ಯಾಲೆಂಡರಿನಲ್ಲಿ ಬರೆಯಿರಿ. ಪಕ್ಕದಲ್ಲೇ ಅಂದಿನ ಹಾಲಿನ ಲೀಟರ್, ಫ್ಯಾಟ್ ಬರೆಯಿರಿ. ನಾಲ್ಕನೇ ದಿನದಿಂದ ನೀರಿನ ತೊಟ್ಟಿ, ನೆರಳು, ಮೈಗೆ ನೀರು ಶುರುಮಾಡಿ. ಹಾಲು ಏರಲು ಕೆಲವು ದಿನ ಬೇಕು, ಉಸಿರು ಮಾತ್ರ ಅಂದೇ ಇಳಿಯುತ್ತದೆ. ಬರೆದದ್ದನ್ನು ಸಂಘದ ಮುಂದಿನ ಸಭೆಗೆ ತನ್ನಿ. ಯಾರ ಕೊಟ್ಟಿಗೆಯಲ್ಲಿ ಯಾವ ಉಪಾಯ ಫಲಿಸಿತು ಎಂದು ಒಟ್ಟಿಗೆ ಕೂತು ನೋಡೋಣ.