ಏದುಸಿರನ್ನು ‘ಸುಸ್ತು’ ಎಂದು ಬಿಡಬೇಡಿ



ಕಡೂರು, ತರೀಕೆರೆ, ಅಜ್ಜಂಪುರ ತಾಲೂಕುಗಳಲ್ಲಿ ಕನ್ನಡದ ಜೊತೆಗೆ ಲಂಬಾಣಿ, ಉರ್ದು, ತೆಲುಗು, ತಮಿಳು ಮನೆಮಾತಿನವರೂ ಇದ್ದಾರೆ. ಉಳಿತಾಯ, ಸಾಲದ ಲೆಕ್ಕಕ್ಕೆ ಈ ಭಾಷೆಗಳು ಅಡ್ಡಿಯಾಗುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಕಷ್ಟ ಹೇಳಿಕೊಳ್ಳುವಾಗ ಅಡ್ಡಿಯಾಗುತ್ತವೆ. ಉಸಿರಾಟದ ತೊಂದರೆಯಲ್ಲಿ ಇದು ಜೀವಕ್ಕೇ ಅಪಾಯ ತರಬಹುದು.

ಒಂದೇ ಕಷ್ಟ, ಹಲವು ಹೆಸರು

ಕನ್ನಡದಲ್ಲಿ ಏದುಸಿರು, ಉಬ್ಬಸ, ದಮ್ಮು ಎನ್ನುತ್ತೇವೆ. ಉರ್ದುವಿನಲ್ಲಿ ‘ಸಾಂಸ್ ಫೂಲ್ನಾ’, ತಮಿಳಿನಲ್ಲಿ ‘ಮೂಚ್ಚು ವಾಂಗುದು’. ತೆಲುಗಿನ ‘ಆಯಾಸಂ’ ಎಂದರೆ ಏದುಸಿರು. ಕನ್ನಡದ ‘ಆಯಾಸ’ ಬರೀ ದಣಿವು. ತೆಲುಗು ಮನೆಮಾತಿನ ತಾಯಿ ‘ಆಯಾಸ ಆಗ್ತದೆ’ ಅಂದರೆ, ಕೇಳಿದವರು ದಣಿವು ಅಂತ ತಿಳಿದು ಟಾನಿಕ್ ಬರೆದು ಕಳಿಸಬಹುದು. ಕನ್ನಡದವರೂ ಕಮ್ಮಿಯಿಲ್ಲ. ‘ಸುಸ್ತು ಅಷ್ಟೇ, ವಯಸ್ಸಾಯ್ತಲ್ಲ’ ಎಂದು ನಾವೇ ಮುಚ್ಚಿಹಾಕುತ್ತೇವೆ.

ಏದುಸಿರು ಒಂದು ಲಕ್ಷಣ. ಅದರ ಹಿಂದೆ ಅಸ್ತಮಾ, ಕ್ಷಯ, ನ್ಯುಮೋನಿಯಾ, ಹೃದಯದ ತೊಂದರೆ ಅಥವಾ ರಕ್ತಹೀನತೆ ಇರಬಹುದು. ಸೌದೆ ಒಲೆಯ, ಬೀಡಿಯ ಹೊಗೆಯಿಂದ ಶ್ವಾಸಕೋಶ ಹಾಳಾಗಿರಬಹುದು. ಕಲ್ಲು ಒಡೆಯುವವರಿಗೆ ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬಂದಿರಬಹುದು. ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ.

ವೈದ್ಯರಿಗೆ ಏನು ಹೇಳಬೇಕು?

1. ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ? ‘ಎರಡು ಕೊಡ ನೀರು ನಿಲ್ಲದೆ ತರ್ತಿದ್ದೆ, ಈಗ ಒಂದು ಕೊಡಕ್ಕೇ ಎರಡು ಕಡೆ ನಿಲ್ತೀನಿ’ ಎಂದರೆ ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ.
2. ಯಾವಾಗಿನಿಂದ? ಚಪ್ಪಟೆ ಮಲಗಿದರೆ ಹೆಚ್ಚಾಗುತ್ತದೆಯೇ?
3. ಜೊತೆಗೆ ಕೆಮ್ಮು, ಜ್ವರ, ಕಫದಲ್ಲಿ ರಕ್ತ, ಕಾಲು ಊತ, ತೂಕ ಇಳಿಕೆ ಇದೆಯೇ?
4. ನಿಮ್ಮ ಕೆಲಸ ಏನು? ಹೊಗೆ, ಧೂಳು ಎಷ್ಟು?

ಕನ್ನಡ ಸರಿಯಾಗಿ ಬಾರದವರ ಜೊತೆ ಆಶಾ ಕಾರ್ಯಕರ್ತೆ ಅಥವಾ ಅವರ ಭಾಷೆ ಬಲ್ಲ ಸಂಘದ ಸದಸ್ಯೆ ಹೋಗಲಿ. ಶಾಲೆಗೆ ಹೋಗುವ ಮಗನನ್ನು ಮಾತು ಹೇಳಲು ಕರೆದೊಯ್ಯಬೇಡಿ. ಮುಟ್ಟಿನ ಅತಿ ರಕ್ತಸ್ರಾವದ ವಿಷಯ ತಾಯಿ ಮಗನ ಮುಂದೆ ಹೇಳುವುದಿಲ್ಲ. ರಕ್ತಹೀನತೆಗೆ ಅದೇ ಕಾರಣವಾಗಿರಬಹುದು. ಪುರುಷ ವೈದ್ಯರು ಎದೆ ಪರೀಕ್ಷಿಸುವಾಗ ಸಂಕೋಚವಾದರೆ ನರ್ಸ್ ಜೊತೆಗಿರಲಿ ಎಂದು ಕೇಳಿ.

ಕೂಡಲೇ ಹೊರಡಬೇಕಾದ ಲಕ್ಷಣಗಳು

* ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಎದೆನೋವು, ಮಂಪರು.
* ನಾಲಿಗೆ, ತುಟಿಯ ಒಳಭಾಗ ನೀಲಿಯಾಗುವುದು. ಕಪ್ಪು ಮೈಬಣ್ಣದವರಲ್ಲಿ ಮುಖ ನೋಡಿದರೆ ತಿಳಿಯುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಅಂಥವರಲ್ಲಿ ಕೆಲವೊಮ್ಮೆ ಹೆಚ್ಚು ಅಂಕಿ ತೋರಿಸುತ್ತದೆ. ಅಂಕಿ ಚೆನ್ನಾಗಿದೆ ಎಂದು ಕೂರಬೇಡಿ.
* ಮಗು ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು.
* ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿ. 2 ತಿಂಗಳೊಳಗೆ 60, 2ರಿಂದ 12 ತಿಂಗಳೊಳಗೆ 50, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಉಸಿರು ಇದ್ದರೆ ಅಪಾಯ. ಬರೆ ಹಾಕಿಸಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಉಚಿತ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ.

ಎರಡು ತಪ್ಪು ಭಯಗಳು

‘ಇನ್‌ಹೇಲರ್ ಹಿಡಿದರೆ ಚಟವಾಗ್ತದೆ’ ಎನ್ನುವುದು ಸುಳ್ಳು. ಸ್ವಲ್ಪವೇ ಔಷಧಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ‘ಕ್ಷಯ ಅಂದರೆ ಮನೆತನಕ್ಕೆ ಅವಮಾನ’ ಎನ್ನುವುದೂ ಬೇಡ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧಿ ಎರಡೂ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿಸಲಾಗಿದೆ.

ಸಂಘದಲ್ಲಿ ಚರ್ಚಿಸಿರಿ

1. ನಿಮ್ಮ ಮನೆಮಾತಿನಲ್ಲಿ ಏದುಸಿರಿಗೆ ಏನು ಹೇಳುತ್ತೀರಿ? ಎಲ್ಲ ಪದಗಳನ್ನೂ ಪುಸ್ತಕದಲ್ಲಿ ಬರೆದು ಆಶಾ ಕಾರ್ಯಕರ್ತೆಗೆ ಕೊಡಿ.
2. ನಿಮ್ಮ ಬೀದಿಯಲ್ಲಿ, ತಾಂಡಾದಲ್ಲಿ ‘ಸುಸ್ತು’ ಎಂದು ಮನೆ ಹಿಡಿದವರು ಯಾರಿದ್ದಾರೆ?
3. ಈ ವಾರ ಅವರ ಜೊತೆ ಆಸ್ಪತ್ರೆಗೆ ಹೋಗುವವರು ಯಾರು?