ಉಷ್ಣವಾಹಕ ಲೇಪ

ತಂತಿಯಲ್ಲಿ ವಿದ್ಯುತ್ತು ಹರಿದಾಗ ಶಾಖ ಉತ್ಪನ್ನವಾಗುತ್ತದೆ. ಈ ಶಾಖದ ಪ್ರಮಾಣವನ್ನು ತಿಳಿಸುವ ನಿಯಮವನ್ನು ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಪ್ರೆಸ್ಕಾಟ್ ಜೂಲ್ 1841ರಲ್ಲಿ ಪ್ರಕಟಿಸಿದನು. ಇಸ್ತ್ರಿಪೆಟ್ಟಿಗೆಗೆ ಈ ಶಾಖವೇ ಬೇಕು; ಗಣಕಯಂತ್ರಕ್ಕಾದರೋ ಅದು ಬೇಡವಾದ ಹೊರೆ.

ಗಣಕಯಂತ್ರದ ಲೆಕ್ಕಾಚಾರಗಳು ನಡೆಯುವುದು ಪ್ರೊಸೆಸರ್ ಎಂಬ ಪುಟ್ಟ ಭಾಗದಲ್ಲಿ. 1971ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 4004 ಎಂಬ ಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಅದರ ಶಾಖವು ಅತ್ಯಲ್ಪವಾಗಿತ್ತು. ಇಂದಿನ ಪ್ರೊಸೆಸರುಗಳಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಮೇಜಿನ ಮೇಲಿಡುವ ಗಣಕಗಳಲ್ಲಿ ಅನೇಕವುಗಳ ಪ್ರೊಸೆಸರು 65 ವಾಟ್ ಅಥವಾ ಅದಕ್ಕೂ ಮಿಗಿಲಾದ ಶಕ್ತಿಯನ್ನು ಬಳಸುತ್ತದೆ. ಉರಿಯುತ್ತಿರುವ 60 ವಾಟಿನ ಹಳೆಯ ಮಾದರಿಯ ಬಲ್ಬನ್ನು ಬರಿಗೈಯಿಂದ ಮುಟ್ಟಲಾಗದು. ಪ್ರೊಸೆಸರಿನಲ್ಲಿಯೋ ಅಷ್ಟು ಶಾಖವೆಲ್ಲ ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ ಹುಟ್ಟುತ್ತದೆ.

ಈ ಶಾಖವನ್ನು ಹೊರಸಾಗಿಸಲು ಪ್ರೊಸೆಸರಿನ ಮೇಲೆ ಹೀಟ್ ಸಿಂಕ್ ಎಂಬ ಲೋಹದ ಸಾಧನವನ್ನು ಕೂರಿಸುತ್ತಾರೆ. ತಾಮ್ರ ಇಲ್ಲವೆ ಅಲ್ಯೂಮಿನಿಯಮಿನಿಂದ ಮಾಡಿದ ಇದಕ್ಕೆ ತೆಳುವಾದ ರೆಕ್ಕೆಗಳಿರುತ್ತವೆ. ಆದರೆ ಲೋಹದ ಮೈ ಕಣ್ಣಿಗೆ ಎಷ್ಟೇ ನುಣುಪಾಗಿ ತೋರಿದರೂ ಸೂಕ್ಷ್ಮದರ್ಶಕದಲ್ಲಿ ಅದು ಉಬ್ಬುತಗ್ಗುಗಳಿಂದ ಕೂಡಿರುವುದು ಕಾಣುತ್ತದೆ. ಎರಡು ಮೈಗಳು ಕೂಡಿದಾಗ ಉಬ್ಬುಗಳು ಮಾತ್ರ ಪರಸ್ಪರ ತಾಗುತ್ತವೆ; ತಗ್ಗುಗಳಲ್ಲಿ ಗಾಳಿ ನಿಲ್ಲುತ್ತದೆ. ಗಾಳಿಗಿಂತ ತಾಮ್ರವು ಹತ್ತು ಸಾವಿರ ಪಟ್ಟಿಗೂ ಹೆಚ್ಚು ಉತ್ತಮ ಉಷ್ಣವಾಹಕ. ಚಳಿಗಾಲದಲ್ಲಿ ಕಂಬಳಿಯ ಎಳೆಗಳ ನಡುವೆ ನಿಂತು ಮನುಷ್ಯನ ಮೈಯನ್ನು ಬೆಚ್ಚಗಿಡುವ ಗಾಳಿಯೇ ಇಲ್ಲಿ ಶಾಖದ ದಾರಿಗೆ ಅಡ್ಡಿಯಾಗುತ್ತದೆ.

ಈ ಗಾಳಿಯನ್ನು ಹೊರದೂಡಿ ತಗ್ಗುಗಳನ್ನು ತುಂಬುವುದೇ ಉಷ್ಣವಾಹಕ ಲೇಪದ ಕೆಲಸ. ಬಳಕೆಯಲ್ಲಿ ಇದನ್ನು ಥರ್ಮಲ್ ಪೇಸ್ಟ್ ಎನ್ನುತ್ತಾರೆ. ಸಿಲಿಕೋನ್ ಜಿಡ್ಡಿನಲ್ಲಿ ಸತುವಿನ ಅಥವಾ ಅಲ್ಯೂಮಿನಿಯಮಿನ ಆಕ್ಸೈಡಿನ ನಯವಾದ ಪುಡಿಯನ್ನು ಬೆರೆಸಿ ಇದನ್ನು ತಯಾರಿಸುವುದುಂಟು. ಲೇಪವು ಗಾಳಿಗಿಂತ ಎಷ್ಟೋ ಉತ್ತಮ ವಾಹಕ. ಆದರೆ ತಾಮ್ರಕ್ಕಿಂತ ಬಹಳ ಕೀಳು. ಅದರ ಬಳಕೆಯ ಮರ್ಮವೆಲ್ಲ ಈ ಮಾತಿನಲ್ಲಿ ಅಡಗಿದೆ. ಲೇಪವಿಲ್ಲದಿದ್ದರೆ ಗಾಳಿ ಉಳಿಯುತ್ತದೆ. ಅದರ ಪದರ ದಪ್ಪವಾದರೆ ಲೇಪವೇ ತಡೆಯಾಗುತ್ತದೆ.

ಆದುದರಿಂದ ಅನುಭವಿಯಾದ ಕೆಲಸಗಾರನು ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿದ, ನೂಲೆಳೆ ಬಿಡದ ಬಟ್ಟೆಯಿಂದ ಎರಡೂ ಮೈಗಳನ್ನು ಒರೆಸಿ ಆರಲು ಬಿಡುತ್ತಾನೆ. ಅನಂತರ ಪ್ರೊಸೆಸರಿನ ನಡುವೆ ಸಣ್ಣ ಬಟಾಣಿ ಕಾಳಿನಷ್ಟು ಲೇಪವನ್ನಿಡುತ್ತಾನೆ. ಹೀಟ್ ಸಿಂಕನ್ನು ನೇರವಾಗಿ ಇಳಿಸಿ, ಎದುರುಬದುರು ಮೂಲೆಗಳ ತಿರುಪುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯುತ್ತಾನೆ. ಆ ಒತ್ತಡದಿಂದ ಲೇಪವು ತೆಳುವಾಗಿ ಹರಡಿಕೊಳ್ಳುತ್ತದೆ. ಹೇಗೆ ಹರಡಿತೆಂಬ ಕುತೂಹಲದಿಂದ ಮತ್ತೆ ಎತ್ತಿದರೆ ಗಾಳಿ ಒಳಸೇರುವುದು. ಆಗ ಎಲ್ಲವನ್ನೂ ಒರೆಸಿ ಹೊಸದಾಗಿ ಹಚ್ಚಬೇಕು.

ಈ ಕೆಲಸ ಕೆಟ್ಟರೆ ಪ್ರೊಸೆಸರಿನ ಉಷ್ಣತೆ ಬೇಗನೆ 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಏರಬಹುದು. ಆಗ ಅದು ತನ್ನ ರಕ್ಷಣೆಗಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಶಾಖ ಇನ್ನೂ ಏರಿದರೆ ಯಂತ್ರವೇ ನಿಂತುಹೋಗುತ್ತದೆ. ನೂರಾರು ಕೋಟಿ ಟ್ರಾನ್ಸಿಸ್ಟರುಗಳ ದುಡಿಮೆಯು ಒಂದು ಕಾಳಿನಷ್ಟು ಲೇಪವನ್ನು ಅವಲಂಬಿಸಿದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಈ ಅಲ್ಪವಸ್ತುವಿಗೂ ಸಲ್ಲುತ್ತದೆ.